ದಾರಿಯಲ್ಲಿ ಕಳೆದ ಅವ್ವ

ಕಂಪ್ಯೂಟರುಗಳ ನಡುವೆ ಮೊದಲ ತಂತಿ ಎಳೆದ ದಿನದಿಂದಲೂ ಫೈಲು ಕಳಿಸಿದರೆ ಕಳಿಸಿದವರ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಯಾವ ಫೈಲೂ ಒಂದೇ ಸಲಕ್ಕೆ ಎರಡು ಕಡೆ ಇರದು. ಜನ ಅದಕ್ಕೆ ಒಗ್ಗಿಹೋಗಿದ್ದರು. ಹಾಗಾಗಿ ತೀರಿಹೋದ ಅವ್ವನ ದನಿಯಿದ್ದ ಒಂದೇ ಫೈಲು ಯುಗಾದಿಯಿಂದ ದೀಪಾವಳಿಯವರೆಗೆ ಗದಗಿನಲ್ಲಿ ವಿಮಲಾಕ್ಷಿಯ ಹತ್ತಿರ, ಆಮೇಲೆ ಮುಂದಿನ ಯುಗಾದಿಯವರೆಗೆ ವಿಜಯಪುರದಲ್ಲಿ ಅಕ್ಕ ಕಸ್ತೂರಿಯ ಹತ್ತಿರ ಇರುತ್ತಿತ್ತು.

ದೀಪಾವಳಿ ಮುಗಿದ ಮರುದಿನ ವಿಮಲಾಕ್ಷಿ ಫೈಲು ಕಳಿಸಿದಳು. ಪರದೆಯ ಮೇಲಿಂದ ಅವ್ವನ ಹೆಸರು ಅಳಿಸಿಹೋಯಿತು. ಕೂತಲ್ಲಿ ಕೂರಲಾಗದೆ ಅವಳು ಅಡುಗೆಮನೆಗೂ ಪಡಸಾಲೆಗೂ ಓಡಾಡಿದಳು. ತಲುಪಿತೆಂದು ಅಕ್ಕನಿಂದ ಸುದ್ದಿಯೇ ಬರಲಿಲ್ಲ. ಕೊನೆಗೆ ತಾನೇ ಫೋನು ಮಾಡಿದಳು.

“ಅಕ್ಕಾ, ಬಂತೇನು?”

“ಇಲ್ಲ ತಂಗಿ. ದಾರ್ಯಾಗ ಎಲ್ಲೋ ಕಳದಿರಬೇಕು.”

“ಎಷ್ಟು ಆರಾಮ ಹೇಳ್ತಿಯಲ್ಲ. ಅವ್ವ ಅದು, ಬಸ್ಸಿನ್ಯಾಗ ಬಿಟ್ಟು ಬಂದ ಛತ್ರಿ ಅಲ್ಲ.”

“ಅತ್ತರ ಬರತೈತೇನು? ಯುಗಾದಿಗೆ ನನ್ನ ಕೇಳಬ್ಯಾಡ ಮತ್ತ.”

ಬಯ್ಯಲೆಂದು ವಿಮಲಾಕ್ಷಿ ಬಾಯಿ ತೆರೆದಳು. ಅಷ್ಟರಲ್ಲಿ ಕಸ್ತೂರಿಯ ಮನೆಯೊಳಗೆ ಯಾರೋ ಆ ಫೈಲನ್ನು ಕೇಳಲು ಹಾಕಿದರು. ಅಕ್ಕನ ಬೆನ್ನ ಹಿಂದಿನಿಂದ ಅವ್ವನ ದನಿ ಸಣ್ಣಗೆ ಕೇಳಿಸಿತು: “ಹಾಲು ಉಕ್ಕಾಕತ್ತೈತಿ, ಯಾರರ ನೋಡ್ರೇ.”

ಕಸ್ತೂರಿ ಗಡಬಡಿಸಿ ಕೆಮ್ಮಿದಳು. “ಟಿವಿ ಅದು. ಫೋನ್ ಇಡ್ಲೇನು?”

“ಇಡಬ್ಯಾಡ.” ವಿಮಲಾಕ್ಷಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ಜಗಳ ಆಮೇಲೆ ಮಾಡೋಣಂತ. ಆ ಟಿವಿ ಸೌಂಡ್ ಚೂರು ಜಾಸ್ತಿ ಮಾಡು.”