ಏಳನೆಯ ದಿನದ ಪಾಠ

ಪರದೆಯ ಮೇಲೆ ಕಲಿತ ಪಾಠ ಏಳು ದಿನ ಮಾತ್ರ ತಲೆಯಲ್ಲಿ ಇರುತ್ತಿತ್ತು. ಅಷ್ಟರೊಳಗೆ ಅದೇ ಪಾಠ ಕಲಿತ ಇನ್ನೊಬ್ಬರೆದುರು ಕೂತು ಒಪ್ಪಿಸದಿದ್ದರೆ ಒಂದಕ್ಷರವೂ ಉಳಿಯದೆ ಅಳಿಸಿಹೋಗುತ್ತಿತ್ತು. ವಿಶ್ವವಿದ್ಯಾಲಯಗಳು ತರಗತಿ ಕೊಠಡಿಗಳನ್ನು ಇನ್ನೂ ಇಟ್ಟುಕೊಂಡಿದ್ದುದು ಅದಕ್ಕಾಗಿಯೇ.

ದುಡಿಯುವವರಿಗೆ ಅನುಕೂಲವಾಗಲೆಂದು ಧಾರವಾಡದ ವಿಶ್ವವಿದ್ಯಾಲಯದ ಕಚೇರಿಯಲ್ಲಿದ್ದ ನೇತ್ರಾವತಿ ಈ ಸಲ ಕಾನೂನು ಕೋರ್ಸಿನ ವೇಳಾಪಟ್ಟಿಯನ್ನು ಹೊಸದಾಗಿ ರೂಪಿಸಿದ್ದಳು. ಯಾರು ಯಾವಾಗ ಬೇಕಾದರೂ ತರಗತಿಗೆ ಬರಬಹುದು. ನಲವತ್ತು ಮಂದಿ ನಲವತ್ತು ವೇಳೆ ಆರಿಸಿಕೊಂಡರು. ಏಳನೆಯ ದಿನ ಸಂಜೆ ನಾಲ್ಕೂವರೆಗೆ ಬಸ್ ಕಂಡಕ್ಟರ್ ಮಹಾದೇವಿ ಬಂದಾಗ ಅಲ್ಲಿದ್ದುದು ಖಾಲಿ ಬೆಂಚುಗಳು, ಫೋನು ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದ ನೇತ್ರಾವತಿ.

"ಆರಕ್ಕ ನಮ್ಮೆಲ್ಲಾರ್ದೂ ಅಳಿಸಿ ಹೋಗತೈತ್ರಿ ಮೇಡಂ. ನಾಳಿ ಪರೀಕ್ಷಾ. ನಿಮ್ಮ ಮುಂದs ಹೇಳಲೇನ್ರಿ?"

"ನಾ ವೇಳಾಪಟ್ಟಿ ಮಾಡಾಕಿ, ಮಹಾದೇವಿ. ಆ ಪಾಠ ನನಗೆಲ್ಲಿ ಬರತೈತಿ? ಒಬ್ಬರೂ ಫೋನ್ ಎತ್ತವಲ್ರು."

"ಹೆಂಗ ಎತ್ತತಾರ್ರಿ? ಡ್ಯೂಟಿಮ್ಯಾಗ ಇರತಾರ. ಅವರಾಗ ಹನ್ನೊಂದು ಮಂದಿ ದಿನಾ ನನ್ನ ಐದರ ಬಸ್ಸಿಗೇ ಮನಿಗೆ ಹೋಗೋದು."

ನೇತ್ರಾವತಿ ನಿಂತುಬಿಟ್ಟಳು. "ಹಂಗಾದ್ರ ಬಸ್ಸಿನಾಗs ಒಪ್ಪಿಸಬೇಕಿಲ್ಲೋ?"

"ಕೊಠಡಿ ಹೊರಗ ಒಪ್ಪಿಸಿದ್ರ ಪರೀಕ್ಷಾಕ್ಕ ಕೂಡಸಂಗಿಲ್ಲಂತ ಬರದಾವ್ರು ನೀವs ಅಲ್ರಿ?"

ನೇತ್ರಾವತಿ ಪೆನ್ನು ತೆಗೆದು ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯಲ್ಲಿ ಆ ಸಾಲನ್ನು ಹೊಡೆದುಹಾಕಿದಳು. "ಹಾಜರಿ ಯಾರು ತಗೋತಾರ?"

"ತಲಿ ಎಣಿಸೂದು ನನಗೇನ್ ಹೊಸಾದೇನ್ರಿ? ಲಗೂ ನಡೀರಿ."

ಬಸ್ಸು ಐದಕ್ಕೆ ಸರಿಯಾಗಿ ಹೊರಟಿತು. ಕಂಬ ಹಿಡಿದು ನಿಂತ ನೇತ್ರಾವತಿಯ ಕಣ್ಣು ಗಡಿಯಾರವನ್ನು ಬಿಟ್ಟು ಕದಲಲಿಲ್ಲ. ಸುತ್ತಲೂ ಹನ್ನೆರಡು ದನಿಗಳು ಒಂದರ ಮೇಲೊಂದು ಬಿದ್ದು ಕಾನೂನಿನ ಕಲಮುಗಳನ್ನು ಒಪ್ಪಿಸುತ್ತಿದ್ದವು. ಅವರವರ ನಿಲ್ದಾಣ ಬಂತು, ಹೋಯಿತು, ಯಾರೂ ಇಳಿಯಲಿಲ್ಲ.