ತಲೆ ತಿರುಗುವ ಮಾತ್ರೆ

ಒಣಗಲು ಹಾಕಿದ ಮೀನು ಮಗುಚಲು ಗಂಗೆ ಹಿತ್ತಲಿಗೆ ಹೋಗುವುದನ್ನೇ ಕಾದಿದ್ದ ನಾಗು, ಕಪಾಟಿನಿಂದ ಎರಡೂ ಡಬ್ಬಿ ತೆಗೆದು ಸುರಿದಳು. ಓರಗಿತ್ತಿಯ ಮಾತ್ರೆಗಳು ತನ್ನ ಡಬ್ಬಿಗೆ, ತನ್ನವು ಅವಳ ಡಬ್ಬಿಗೆ. ಒಂದೇ ಗಾತ್ರ, ಒಂದೇ ಬಣ್ಣ.

ಇಬ್ಬರ ಲಿವರಿನಲ್ಲೂ ಕೊಬ್ಬು. ಬಿಪಿಯ ಮಾತ್ರೆಯೊಂದು ಆ ರೋಗವನ್ನು ತಡೆದೀತೇ ಎಂದು ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ವರ್ಷದ ಪರೀಕ್ಷೆ ನಡೆದಿತ್ತು; ಇಬ್ಬರೂ ಅದಕ್ಕೆ ಸೇರಿದ್ದರು. ಅರ್ಧ ಜನಕ್ಕೆ ನಿಜವಾದ ಮದ್ದು, ಉಳಿದವರಿಗೆ ಹಾಗೆಯೇ ಕಾಣುವ ಪೊಳ್ಳು ಮಾತ್ರೆ. ಯಾರಿಗೆ ಯಾವುದೆಂದು ಕೊಡುವ ನರ್ಸಿಗೂ ತಿಳಿಯದು.

ನಾಗುವಿಗೆ ತಿಳಿದಿತ್ತು. ಮೊದಲ ತಿಂಗಳೇ ಗಂಗೆ ತಲೆ ತಿರುಗಿ ಗೋಡೆ ಹಿಡಿದಿದ್ದಳು. ಬಿಪಿ ಇಳಿದರೆ ಹಾಗಂತೆ. ನಾಗುವಿಗೆ ಏನೂ ಆಗಿರಲಿಲ್ಲ. ಅತ್ತೆಯ ಮುದ್ದು ಗಂಗೆಗೆ, ಕಾಸರಕೋಡಿನ ಇಡೀ ಕೇರಿಯ ಹೊಗಳಿಕೆ ಗಂಗೆಗೆ. ಈಗ ಮದ್ದೂ ಅವಳಿಗೇ! ಮಕ್ಕಳಿಲ್ಲದವಳಿಗೆ ಲಿವರ್ ಸರಿಯಾಗಿ ಏನಾಗಬೇಕು? ನಾಗುವಿನ ಹೆಣ್ಣುಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿದ್ದರು.

ಎರಡನೇ ತಿಂಗಳಿನಿಂದ, ಹೊಸ ಡಬ್ಬಿ ಬಂದ ಮರುದಿನ ಬೆಳಿಗ್ಗೆ ಅವಳಿಗೆ ಇದೇ ಕೆಲಸ.

“ಅಕ್ಕಾ, ಈಗ ನಿಂಗೂ ತಲೆ ತಿರುಗ್ತದಾ?” ಗಂಗೆ ಆಗಾಗ ಕೇಳುವಳು.

“ತಿರುಗ್ದೆ ಎಂತ? ಊರಲ್ಲಿ ನಿಂಗೊಬ್ಳಿಗೇ ತಲೆ ಇರೂದಾ?”

ಗಂಗೆ ನಗುವಳು. ನಗುತ್ತಲೇ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಳು. ಬರೀ ನಾಟಕ, ಎಂದುಕೊಳ್ಳುವಳು ನಾಗು.

ವರ್ಷ ಮುಗಿಯಿತು. ಡಾಕ್ಟರು ಲಕೋಟೆ ಒಡೆದು ಓದಿದರು: ಗಂಗೆಗೆ ಕೊಟ್ಟದ್ದು ಮದ್ದು, ನಾಗುವಿಗೆ ಕೊಟ್ಟದ್ದು ಪೊಳ್ಳು. ನಾಗುವಿನ ಊಹೆ ಸರಿಯಾಗಿಯೇ ಇತ್ತು. ಆದರೆ ಸ್ಕ್ಯಾನಿನಲ್ಲಿ ಸುಧಾರಿಸಿದ್ದು ಗಂಗೆಯ ಲಿವರು. ನಾಗುವಿನದು ಗಟ್ಟಿಯಾಗತೊಡಗಿತ್ತು.

ಹನ್ನೊಂದು ತಿಂಗಳು ಮದ್ದು ನುಂಗಿದವಳು ತಾನು. ಪೊಳ್ಳು ನುಂಗಿದವಳು ಹೇಗೆ ಗುಣವಾದಳು?

ಹೊರಗಿನ ಬೆಂಚಿನ ಮೇಲೆ ಗಂಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಗುಣ ಆದವಳು ನೀನು. ಅಳೂದೆಂತಕ್ಕೆ?” ನಾಗು ಸಿಡುಕಿದಳು.

ಗಂಗೆ ಅವಳ ಕೈ ಹಿಡಿದುಕೊಂಡಳು. “ಬೈಬೇಡ ಅಕ್ಕಾ. ತಲೆ ತಿರುಗಿದ್ದು ನಂಗೊಬ್ಳಿಗೇ, ಮದ್ದು ನಂಗೇ ಬಂದದೆ ಅಂತ ಗೊತ್ತಾಯ್ತು. ನಿನ್ನ ಮಕ್ಕಳು ಸಣ್ಣವ್ರು ಅಂತ, ಎರಡನೇ ತಿಂಗಳಿಂದ ಪ್ರತಿ ಸಲ ಡಬ್ಬಿ ತಂದ ಸಂಜೆಯೇ ನನ್ನ ಮಾತ್ರೆ ಪೂರಾ ನಿನ್ನ ಡಬ್ಬಿಗೆ ಹಾಕಿ, ನಿನ್ನದನ್ನ ನಾನು ಇಟ್ಕಂಡಿದ್ದೆ.”