ಸಾಲಿನ ಮೊದಲ ಕ್ಯಾನು

"ಆ ಕ್ಯಾನುಗಳನ್ನ ಆಚೆ ತಳ್ರಪ್ಪ, ಬ್ಲಾಗರ್ ಮುಖಾನೇ ಕಾಣ್ತಿಲ್ಲ," ಎಂದ ಟಿವಿಯವನು. ಬ್ಲಾಗ್ ಬರೆಯುವ ನೆಕೇಸಾ ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾದವನು ಹಳದಿ ಕ್ಯಾನುಗಳನ್ನೆಲ್ಲ ಕಾಲಲ್ಲಿ ಸರಿಸಿ, ಚಿತ್ರ ಚೆನ್ನಾಗಿ ಬರಲೆಂದು ಅವಳ ಕ್ಯಾನನ್ನೇ ನಲ್ಲಿಯ ಕೆಳಗಿಟ್ಟ. ಕಾಂಗೇಮಿ ಕೇರಿಯಲ್ಲಿ ನೀರಿಗೆ ಕ್ಯಾನು ಇಟ್ಟ ಜಾಗವೇ ಸರದಿ. ಮುಥೋನಿ ಅಜ್ಜಿಯ ಕ್ಯಾನು ಬೆಳಗಿನಿಂದ ಸಾಲಿನಲ್ಲಿ ಮೊದಲಿತ್ತು.

"ನಿಮ್ಮ ಬ್ಲಾಗ್ ಎಷ್ಟು ಜನ ಓದ್ತಾರೆ?"

"ನಲವತ್ತು ಸಾವಿರ. ಆದ್ರೆ ಸರ್, ಎಂಟು ದಿನದಿಂದ ನೀರೇ ಬಂದಿಲ್ಲ. ಮನೇಲಿ ಮಗೂಗೆ ಭೇದಿ..."

"ಅದು ಆಮೇಲೆ. ಬರೆಯೋ ಹುಚ್ಚು ಹೇಗೆ ಹತ್ತಿತು, ಅದನ್ನ ಹೇಳಿ."

"ನಲವತ್ತು ಸಾವಿರಾನಾ?" ಹಿಂದಿನಿಂದ ಅಜ್ಜಿ ಕೂಗಿದಳು. "ಅಷ್ಟು ಜನದಲ್ಲಿ ಒಬ್ಬನಿಗೂ ವಾಲ್ವ್ ತಿರುಗಿಸೋಕೆ ಬರಲ್ವೇನೇ?" ಹೆಂಗಸರು ನಕ್ಕರು.

ಅಷ್ಟರಲ್ಲಿ ನಲ್ಲಿ ಗೊರಗುಟ್ಟಿ ನೀರು ಬಂತು. ನಗು ನಿಂತಿತು. ನೆಕೇಸಾ ತನ್ನ ಕ್ಯಾನು ಪಕ್ಕಕ್ಕೆಳೆದು ಅಜ್ಜಿಗೆ ಜಾಗ ಬಿಡಲು ಬಗ್ಗಿದಳು.

"ಹಾಗೇ ಇರಿ, ಹಾಗೇ! ಸಕತ್ತಾಗಿದೆ!" ಎಂದ ಟಿವಿಯವನು.

ಅವಳ ಕೈ ಕ್ಯಾನಿನ ಹಿಡಿಯ ಮೇಲೆಯೇ ಉಳಿಯಿತು. ಎಳೆಯಲಿಲ್ಲ. ಕ್ಯಾನು ಕತ್ತಿನವರೆಗೆ ತುಂಬಿತು, ಅಷ್ಟಕ್ಕೇ ನಲ್ಲಿಯ ನೀರು ನಿಂತಿತು.

ಮುಥೋನಿ ಅಜ್ಜಿ ದೂರ ಬಿದ್ದಿದ್ದ ತನ್ನ ಖಾಲಿ ಕ್ಯಾನನ್ನು ಎತ್ತಿಕೊಂಡಳು.

"ಇದನ್ನೂ ಬರಿ, ಮಗಳೇ."